ಹಾಪರ್‌ಗೆ ವೈಬ್ರೇಟರ್ ಕೂರಿಸುವ ಮೊದಲು ಲಿಥಿಯಂ ಡ್ರಮ್ಮಿನ ಮುಚ್ಚಳ ನೋಡಿ

ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ: ಬ್ಯಾಟರಿಯ ಧನ ಧ್ರುವಕ್ಕೆ ಹಾಕುವ ಕ್ಯಾಥೋಡ್ ಹುಡಿ ಮಾಡಲು ನಿಕ್ಕೆಲ್-ಮ್ಯಾಂಗನೀಸ್-ಕೋಬಾಲ್ಟ್ ಪ್ರಿಕರ್ಸರ್ (ಸುಡುವ ಮೊದಲಿನ ಮೂಲ ಹುಡಿ) ಜೊತೆ ಲಿಥಿಯಂ ಹೈಡ್ರಾಕ್ಸೈಡ್ ಬೆರೆಸುತ್ತಿದ್ದೀರಿ. ಹುಡಿ ಹಾಪರ್‌ನಲ್ಲೇ (ಹುಡಿ ತುಂಬಿ ಕೆಳಗಿನ ಬಾಯಿಯಿಂದ ಇಳಿಸುವ ದೊಡ್ಡ ಲಾಳಿಕೆ) ಕಟ್ಟಿಕೊಂಡು ಕೂರುತ್ತದೆ. ಸುಟ್ಟು ತೆಗೆದರೆ ಒಂದು ಟ್ರೇಯ ಮಾಲು ಇನ್ನೊಂದರ ಹಾಗಿಲ್ಲ. ಹಾಪರನ್ನು ನಡುಗಿಸುವ ವೈಬ್ರೇಟರ್ ಕೂರಿಸಿದರೆ ಎರಡೂ ಸರಿ ಹೋಗುತ್ತಾ?

ಹೋಗುವುದಿಲ್ಲ ಮಾರಾಯ್ರೇ. ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಹನ್ನೊಂದು ವರ್ಷದಿಂದ ಹುಡಿ ಕೆಲಸದಲ್ಲೇ ಇದ್ದೇನೆ, ಮೊದಲು ಪೇಂಟಿನ ಹುಡಿ, ಈಗ ಮೂರು ವರ್ಷದಿಂದ ಒಂದು ಸಣ್ಣ ಯೂನಿಟ್‌ನಲ್ಲಿ ಬ್ಯಾಟರಿ ಹುಡಿ. ನಾವೂ ವೈಬ್ರೇಟರ್ ಕೂರಿಸಿದ್ದೆವು. ಕೆಳಗಿನ ಬಾಯಿ ಮುಚ್ಚಿರುವಾಗಲೂ ಅದು ಓಡುತ್ತಿತ್ತು, ಅಕ್ಕಿ ಹುಡಿಯ ಡಬ್ಬ ನೆಲಕ್ಕೆ ಕುಟ್ಟಿ ಕುಟ್ಟಿ ಇನ್ನಷ್ಟು ಹಿಡಿಸುತ್ತೇವಲ್ಲ, ಹಾಗೆ ಹುಡಿ ಇನ್ನೂ ಗಟ್ಟಿಯಾಯಿತು. ಆಮೇಲೆ ಹುಡುಗರು ಸುತ್ತಿಗೆ ಹಿಡಿದರು. ಪೆಟ್ಟು ಬಿದ್ದಲ್ಲೆಲ್ಲ ತಗಡು ಒಳಗೆ ಉಬ್ಬಿತು, ಉಬ್ಬಿದಲ್ಲೆಲ್ಲ ಹುಡಿ ನಿಲ್ಲತೊಡಗಿತು, ನಿಂತದ್ದಕ್ಕೆ ಇನ್ನೂ ನಾಲ್ಕು ಪೆಟ್ಟು. ವೈಬ್ರೇಟರ್ ಹಾಕಲೇಬೇಕೆಂದರೆ ಬಾಯಿ ತೆರೆದಾಗ ಮಾತ್ರ ಓಡುವ ಹಾಗೆ ವೈರಿಂಗ್ ಮಾಡಿಸಿ.

ಮೊದಲು ಒಂದು ಅಳತೆ ಮಾಡಿ, ಐದು ನಿಮಿಷದ ಕೆಲಸ. 100 ಮಿಲಿಯ ಅಳತೆ ಸಿಲಿಂಡರ್‌ಗೆ ಹುಡಿಯನ್ನು ಮೆಲ್ಲ ಸುರಿದು ತೂಕ ನೋಡಿ. ಆಮೇಲೆ ಇಳಿಯುವುದು ನಿಲ್ಲುವ ತನಕ ಕುಟ್ಟಿ. ಕುಟ್ಟಿದ ಮೇಲಿನ ಸಾಂದ್ರತೆಯನ್ನು ಮೊದಲಿನ ಸಾಂದ್ರತೆಯಿಂದ ಭಾಗಿಸಿದರೆ ಬರುವುದು ಹೌಸ್ನರ್ ಅನುಪಾತ. 1.25ರ ಒಳಗಿದ್ದರೆ ಹುಡಿ ಸುಮಾರಾಗಿ ಹರಿಯುತ್ತದೆ. 1.4 ದಾಟಿದರೆ ಅದು ತಾನಾಗಿ ಇಳಿಯುವ ಆಸೆ ಬಿಡಿ, ಸ್ಕ್ರೂ ಹಾಕಿ ಎಳೆಯಬೇಕು. ಪ್ರಿಕರ್ಸರ್ ಮಾತ್ರ, ಲಿಥಿಯಂ ಹೈಡ್ರಾಕ್ಸೈಡ್ ಮಾತ್ರ, ಆಮೇಲೆ ಬೆರೆಸಿದ್ದು, ಹೀಗೆ ಮೂರು ಸಲ ಅಳೆಯಿರಿ. ಹರಳು ಕಣದ ಹೈಡ್ರಾಕ್ಸೈಡ್ ಹೊಸ ಡ್ರಮ್ಮಿನಿಂದ ತೆಗೆದಾಗ ಸಕ್ಕರೆಯ ಹಾಗೆ ಇಳಿಯುತ್ತಿತ್ತು, ನಾಲ್ಕು ದಿನ ಕಳೆದ ಡ್ರಮ್ಮಿನದ್ದು ಮುದ್ದೆ. ನಮ್ಮಲ್ಲಿ ತಪ್ಪು ಅಲ್ಲೇ ಇತ್ತು.

ಇಲ್ಲಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನ ಭರಣಿ ನೀರು ಬಿಡುವ ಊರು. ಒಂದು ದಿನ ಹುಡುಗರು ಲಿಥಿಯಂ ಡ್ರಮ್ಮಿನ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋದರು, ಸಂಜೆ ನೋಡಿದರೆ ಮೇಲೆ ಹಪ್ಪಳದ ಹಾಗೆ ಒಂದು ಪದರ, ಬೆರಳಲ್ಲಿ ಒತ್ತಿದರೆ ಟಕ್ ಅಂತ ಮುರಿಯುತ್ತದೆ, ಕೆಳಗೆ ಒದ್ದೆ. ಬರೀ ಗಾಳಿಯ ತೇವ ಅಲ್ಲ ಅದು. ಲಿಥಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತದೆ, ಆಗುವಾಗ ತನ್ನ ಹರಳಿನೊಳಗಿದ್ದ ನೀರನ್ನೂ ಹೊರಗೆ ಬಿಡುತ್ತದೆ. ಅಂದರೆ ಹುಡಿ ತನ್ನನ್ನು ತಾನೇ ಒದ್ದೆ ಮಾಡಿಕೊಳ್ಳುತ್ತದೆ. ಹಾಗಂತ ಓವನ್‌ನಲ್ಲಿ ಒಣಗಿಸಲು ಹೋಗಬೇಡಿ. ಹರಳಿನ ನೀರು ಹೋದರೆ ಅದೇ ತೂಕದಲ್ಲಿ ಲಿಥಿಯಂ ಜಾಸ್ತಿ ಬೀಳುತ್ತದೆ, ನಿಮ್ಮ ಲೆಕ್ಕ ಕೆಟ್ಟಿತು. 622 (ನಿಕ್ಕೆಲ್, ಮ್ಯಾಂಗನೀಸ್, ಕೋಬಾಲ್ಟ್ 6:2:2 ಪಾಲು) ಪ್ರಿಕರ್ಸರ್ ಒಂದು ಕಿಲೋಗೆ, ಶೇ. 3 ಹೆಚ್ಚುವರಿ ಲಿಥಿಯಂ ಇಟ್ಟರೆ, ಹರಳು ನೀರಿರುವ ಹೈಡ್ರಾಕ್ಸೈಡ್ ಸುಮಾರು 470 ಗ್ರಾಂ ಬೇಕು, ಆ 470 ಹರಳು ನೀರಿರುವುದರದ್ದೋ ಒಣಗಿದ್ದರದ್ದೋ ಅಂತ ನಿಮಗೆ ಗೊತ್ತಿರಬೇಕು. ಸಣ್ಣ ಸಣ್ಣ ಚೀಲ ಮಾಡಿ ಸೀಲ್ ಮಾಡಿಡಿ, ಒಂದು ಬ್ಯಾಚಿಗೆ ಒಂದು ಚೀಲ. ಕೋಣೆಗೆ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಹಾಕಿ, ಬರೀ ಏಸಿ ಸಾಕಾಗುವುದಿಲ್ಲ.

ಇನ್ನೊಂದು, 622 ಮಾತ್ರ ಮಾಡುವುದಾದರೆ ಹೈಡ್ರಾಕ್ಸೈಡ್ ಯಾಕೆ? ಲಿಥಿಯಂ ಕಾರ್ಬೊನೇಟ್ ಸಾಕು, ಈ ಗೋಳು ಎಷ್ಟೋ ಕಡಿಮೆ. ನಿಕ್ಕೆಲ್ ಶೇ. 80ಕ್ಕೆ ಹೋದರೆ ಕುಲುಮೆಯ ಬಿಸಿ ಇಳಿಸಬೇಕಾಗುತ್ತದೆ, ಆಗ ಹೈಡ್ರಾಕ್ಸೈಡೇ ಬೇಕು.

ಈಗ ಬೆರೆಯುವ ವಿಷಯ. ಇದು ಹರಿವಿನ ಜೊತೆ ಜಗಳ ಮಾಡುವ ವಿಷಯ. ಚೆನ್ನಾಗಿ ಹರಿಯುವ ಹುಡಿ ಅಷ್ಟೇ ಚೆನ್ನಾಗಿ ಬೇರೆಯೂ ಆಗುತ್ತದೆ. ಪ್ರಿಕರ್ಸರ್ ಕಣ ಸುಮಾರು 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಹೈಡ್ರಾಕ್ಸೈಡ್ ಅರೆಯದೆ ಹಾಕಿದರೆ 300 ಮೈಕ್ರಾನಿನ ಹರಳೂ ಇರಬಹುದು. ಅಂಥ ಒಂದು ಹರಳೆಂದರೆ 10 ಮೈಕ್ರಾನಿನ 27,000 ಕಣದಷ್ಟು ಗಾತ್ರ. ಎಷ್ಟು ಹೊತ್ತು ತಿರುಗಿಸಿದರೂ ಆ ಹರಳು ಒಂದೇ ಜಾಗದಲ್ಲಿರುತ್ತದೆ, 462 ಡಿಗ್ರಿಯಲ್ಲಿ ಕರಗುವಾಗ ಅಲ್ಲೇ ಮಡುವಾಗುತ್ತದೆ. ಅದಕ್ಕೆ ಅರೆದು 20 ಮೈಕ್ರಾನಿಗೆ ಇಳಿಸಬೇಕು. ಇಳಿಸಿದರೆ ಹರಿಯುವುದಿಲ್ಲ, ಸಣ್ಣ ಕಣಕ್ಕೆ ತನ್ನ ತೂಕಕ್ಕಿಂತ ಪಕ್ಕದ ಕಣದ ಅಂಟು ಜಾಸ್ತಿ. ಇರಲಿ ಬಿಡಿ, ಬೆರೆತದ್ದು ಮತ್ತೆ ಬೇರೆಯಾಗದಿರಲು ಆ ಅಂಟೇ ನಮಗೆ ಬೇಕು.

ನಮ್ಮ ಮನೆಯಲ್ಲಿ ಅವಲಕ್ಕಿ ಕಲಸುವುದು ನೋಡಿದ್ದೀರಲ್ಲ. ಅವಲಕ್ಕಿಗೆ ಹಾಕುವ ಖಾರದ ಮಸಾಲೆ ಹುಡಿ, ಬೆಲ್ಲ, ತೆಂಗಿನ ತುರಿ ಮೊದಲು ಕೈಯಲ್ಲಿ ಒತ್ತಿ ಉಜ್ಜಿ, ಆಮೇಲೆ ಅವಲಕ್ಕಿ. ಎಲ್ಲ ಒಟ್ಟಿಗೆ ಸುರಿದು ಸೌಟಿನಲ್ಲಿ ತಿರುಗಿಸಿದರೆ ಖಾರವೆಲ್ಲ ತಳದಲ್ಲಿ. ವಿ ಆಕಾರದ ಬ್ಲೆಂಡರ್ ಸೌಟಿನ ಕೆಲಸ ಮಾಡುತ್ತದೆ, ಅಂಟು ಹುಡಿಯ ಗಂಟು ಒಡೆಯುವುದಿಲ್ಲ. ಉಜ್ಜುವ ಕೆಲಸಕ್ಕೆ ಜೋರಾಗಿ ತಿರುಗುವ ಬ್ಲೇಡಿನ ಮಿಕ್ಸರ್ ಬೇಕು. ಅದೂ ಅತಿ ಮಾಡಬೇಡಿ, ಹುಡಿ ಬಿಸಿಯಾದರೆ ಹರಳಿನ ನೀರು ಏಳುತ್ತದೆ. ಮಿಕ್ಸರಿಗೆ ಸೆರಾಮಿಕ್ ಅಥವಾ ಪಾಲಿಯುರಿಥೇನ್ ಒಳಪದರ ಇರಲಿ, ಸವೆದ ಸ್ಟೀಲಿನ ಕಬ್ಬಿಣ ಬ್ಯಾಟರಿಗೆ ವಿಷ.

ಬೆರೆತಿದೆಯಾ ಅಂತ ಕಣ್ಣಲ್ಲಿ ನೋಡಿ ಹೇಳಬೇಡಿ. ಹತ್ತು ಕಡೆಯಿಂದ ಎರಡೆರಡು ಗ್ರಾಂ ತೆಗೆದು ನೀರಲ್ಲಿ ಕಲಕಿ. ಲಿಥಿಯಂ ಹೈಡ್ರಾಕ್ಸೈಡ್ ಕರಗುತ್ತದೆ, ಪ್ರಿಕರ್ಸರ್ ಕರಗುವುದಿಲ್ಲ. ಸೋಸಿ ಆಸಿಡ್ ಟೈಟ್ರೇಷನ್ ಮಾಡಿ, ಅಂದರೆ ಎಷ್ಟು ಆಸಿಡ್ ಹಿಡಿಯಿತು ಅಂತ ಅಳೆದು ಹೈಡ್ರಾಕ್ಸೈಡ್ ಎಷ್ಟಿದೆ ನೋಡಿ. ಮಿಕ್ಸರ್ ಒಳಗಿನ ಹತ್ತು ಸರಿ ಇದ್ದು, ಟ್ರೇಗೆ ತುಂಬಿದ ಮೇಲಿನ ಹತ್ತು ಹೆಚ್ಚುಕಮ್ಮಿ ಬಂದರೆ ತಪ್ಪು ಮಿಕ್ಸರಿನದ್ದಲ್ಲ, ನಡುವಿನ ದಾರಿಯದ್ದು. ನಮ್ಮಲ್ಲಿ ಮೇಲಿನ ಮಾಳಿಗೆಯಿಂದ ಪೈಪಿನಲ್ಲಿ ಬೀಳಿಸುತ್ತಿದ್ದೆವು, ಹಾಪರೊಂದು ನಡುವೆ. ಈಗ ಆ ಹಾಪರೇ ಇಲ್ಲ. ಮಿಕ್ಸರಿನ ಬಾಯಿಯಿಂದ ಸೀದಾ ಟ್ರೇಗೆ, ಗೇಣುದ್ದ ಎತ್ತರದಿಂದ. ಮೊದಲ ಟ್ರೇ ಮತ್ತು ಕೊನೆಯ ಟ್ರೇ ಈಗ ಒಂದೇ ಥರ ಬರುತ್ತವೆ. ನಿಮಗೂ ಹಾಪರ್ ನಿಜವಾಗಿ ಬೇಕಾ ಅಂತ ಒಮ್ಮೆ ನೋಡಿ. ಬೇಕೇ ಬೇಕೆಂದರೆ ಕಡಿದಾದ ಗೋಡೆ, ನುಣುಪಾದ ಒಳಮೈ, ದೊಡ್ಡ ಬಾಯಿ.

ಕೈಗವಸು, ಕನ್ನಡಕ, ಸರಿಯಾದ ಮಾಸ್ಕ್ ಇಲ್ಲದೆ ಇದಕ್ಕೆಲ್ಲ ಇಳಿಯಬೇಡಿ, ನಿಕ್ಕೆಲ್ ದೂಳು ಕ್ಯಾನ್ಸರ್ ತರುವ ಜಾತಿಯದ್ದು, ಹೈಡ್ರಾಕ್ಸೈಡ್ ಕಣ್ಣು ಸುಡುತ್ತದೆ. ನಿಮ್ಮ ಮಿಕ್ಸರ್ ಯಾವುದು ಅಂತ ಬರೆದಿಲ್ಲ. ಅದನ್ನೂ ಆ ಮೂರು ಹೌಸ್ನರ್ ಅಂಕಿಗಳನ್ನೂ ಹಾಕಿ, ಬ್ಲೇಡಿನ ವೇಗ ಎಷ್ಟಿಡಬೇಕೆಂದು ಆಮೇಲೆ ಮಾತಾಡುವ.