ಗೈಡ್‌ಗೆ ಎಷ್ಟು ಅಂಕ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹೃದಯ ಮತ್ತು ರಕ್ತನಾಳಗಳ ಫಿಸಿಯಾಲಜಿಯಲ್ಲಿ ಪಿಎಚ್.ಡಿ. ಸೀಟು ಸಿಕ್ಕಿದೆ. ಗೈಡ್ ಆಗಲು ಇಬ್ಬರು ಒಪ್ಪಿದ್ದಾರೆ. ಒಬ್ಬರ ಎಚ್-ಇಂಡೆಕ್ಸ್ 41, ಇನ್ನೊಬ್ಬರದು 14. ನನ್ನ ತಮ್ಮ ಗೂಗಲ್ ಸ್ಕಾಲರ್ ತೆಗೆದು ತೋರಿಸಿ, ‘ಇದರಲ್ಲಿ ಯೋಚಿಸೋದೇನಿದೆ ಅಣ್ಣಾ’ ಅನ್ನುತ್ತಾನೆ. ಮಗಳು 14ರವರೇ ಬೇಕೆಂದು ಹಟ ಹಿಡಿದಿದ್ದಾಳೆ. ಈ ಅಂಕಿಯನ್ನು ಎಷ್ಟು ನಂಬಬಹುದು?
– ಓದುಗರು, ಚಿತ್ರದುರ್ಗ

ಉತ್ತರ: ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಎಚ್-ಇಂಡೆಕ್ಸ್ 14 ಎಂದರೆ, ಆ ವಿಜ್ಞಾನಿಯ 14 ಪ್ರಬಂಧಗಳು ತಲಾ 14 ಸಲವಾದರೂ ಬೇರೆ ಪ್ರಬಂಧಗಳಲ್ಲಿ ಉಲ್ಲೇಖವಾಗಿವೆ ಎಂದು. 2005ರಲ್ಲಿ ಇದನ್ನು ಸೂಚಿಸಿದವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಇದು ವರ್ಷ ಕಳೆದಂತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಪಾಠ ಬಿಟ್ಟು ಮನೆಯಲ್ಲಿ ಕೂತಿರುವ ನನ್ನದೂ ಏರುತ್ತಲೇ ಇದೆ! ಹಾಗಾಗಿ ಇಬ್ಬರ ವಯಸ್ಸೆಷ್ಟು ಎಂದು ನಿಮ್ಮ ತಮ್ಮನವರನ್ನು ಕೇಳಿ.

ನಿಮ್ಮ ಮಗಳ ವಿಷಯದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ರಾಬರ್ಟ್ ಫರ್ಚ್‌ಗಾಟ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಫಾರ್ಮಕಾಲಜಿ ಪ್ರೊಫೆಸರ್ ಆಗಿದ್ದರು. ಮೊಲದ ಮಹಾಪಧಮನಿಯಿಂದ ಸುರುಳಿಯಾಗಿ ಕತ್ತರಿಸಿದ ಪಟ್ಟಿಗೆ ಅಸಿಟೈಲ್‌ಕೋಲಿನ್ (ನರಗಳ ತುದಿಯಿಂದ ಹೊರಡುವ ಒಂದು ರಾಸಾಯನಿಕ) ಹಾಕಿದರೆ ಅದು ಬಿಗಿಯುತ್ತದೆ ಎಂದು 1953ರಲ್ಲೇ ಬರೆದಿದ್ದರು. ಆದರೆ ಅದೇ ಅಸಿಟೈಲ್‌ಕೋಲಿನನ್ನು ಪ್ರಾಣಿಗೆ ಚುಚ್ಚಿದರೆ ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಈ ಎರಡಕ್ಕೂ ತಾಳೆ ಹೇಗೆ ಎಂಬುದು ಇಪ್ಪತ್ತೈದು ವರ್ಷ ಬಗೆಹರಿಯಲಿಲ್ಲ.

1978ರ ಮೇ ತಿಂಗಳಲ್ಲಿ ಅವರ ಟೆಕ್ನಿಷಿಯನ್ ಡೇವಿಡ್ ಡೇವಿಡ್ಸನ್, ಮೊದಲು ಹಾಕಿದ ಔಷಧವನ್ನು ತೊಳೆಯುವ ಮುಂಚೆಯೇ ಅಸಿಟೈಲ್‌ಕೋಲಿನ್‌ನಂತೆ ಕೆಲಸ ಮಾಡುವ ಕಾರ್ಬಕಾಲ್ ಸೇರಿಸಿಬಿಟ್ಟರು. ಆ ದಿನ ಬಳಸಿದ್ದು ಪಟ್ಟಿಯಲ್ಲ, ಉಂಗುರದಂತೆ ಕೊಯ್ದ ತುಂಡು. ಅದು ಬಿಗಿಯುವ ಬದಲು ಸಡಿಲವಾಯಿತು. ಬೇರೆ ಯಜಮಾನರಾಗಿದ್ದರೆ ಟೆಕ್ನಿಷಿಯನ್ನನ್ನು ಬೈದು ಪ್ರಯೋಗವನ್ನೇ ಕಸದ ಬುಟ್ಟಿಗೆ ಹಾಕುತ್ತಿದ್ದರು. ಫರ್ಚ್‌ಗಾಟ್ ಬೆನ್ನು ಹತ್ತಿದರು. ಪಟ್ಟಿ ಕತ್ತರಿಸುವಾಗ ರಕ್ತನಾಳದ ಒಳಮೈ ಉಜ್ಜಿಹೋಗಿ, ಅಲ್ಲಿನ ಒಂದೇ ಸಾಲಿನ ಜೀವಕೋಶಗಳ ಪದರ – ಎಂಡೋಥೀಲಿಯಂ – ಕಿತ್ತುಬರುತ್ತಿತ್ತು. ಪದರ ಹೋದ ಪಟ್ಟಿಯನ್ನು ಪದರ ಉಳಿದ ಪಟ್ಟಿಗೆ ಮುಖಾಮುಖಿ ಒತ್ತಿ ಕಟ್ಟಿದಾಗ, ಸಡಿಲವಾಗದಿದ್ದ ಪಟ್ಟಿಯೂ ಸಡಿಲವಾಯಿತು. ಅಂದರೆ ಆ ಪದರದಿಂದ ಏನೋ ಒಂದು ವಸ್ತು ಹೊರಡುತ್ತದೆ. ಜಾನ್ ಜವಾಡ್ಸ್‌ಕಿ ಜೊತೆ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಇದು ಪ್ರಕಟವಾದದ್ದು 1980ರಲ್ಲಿ. ಆಗ ಫರ್ಚ್‌ಗಾಟ್‌ಗೆ 64 ವರ್ಷ. ನಮ್ಮಲ್ಲಾಗಿದ್ದರೆ ಪೆನ್ಷನ್ ಫೈಲು ಓಡಾಡುವ ವಯಸ್ಸು.

ಆ ಒಂದು ಪ್ರಬಂಧ ಸಾವಿರಾರು ಸಲ ಉಲ್ಲೇಖವಾಗಿದೆ. ಆದರೆ ಎಚ್-ಇಂಡೆಕ್ಸ್ ಲೆಕ್ಕದಲ್ಲಿ ಅದರ ಬೆಲೆ ಒಂದೇ ಒಂದು ಅಂಕ. ಜೀವಮಾನದಲ್ಲಿ ಅವರು ಅದೊಂದನ್ನೇ ಬರೆದಿದ್ದರೆ ಅವರ ಎಚ್-ಇಂಡೆಕ್ಸ್ 1! ಹಾಗೆಂದು ಬರೀ ಉಲ್ಲೇಖ ಎಣಿಸಿದರೂ ನ್ಯಾಯ ಸಿಗುತ್ತದೆ ಎನ್ನಲಾರೆ. ಆ ವಸ್ತು ನೈಟ್ರಿಕ್ ಆಕ್ಸೈಡ್ ಇರಬೇಕೆಂದು 1986ರಲ್ಲಿ ಫರ್ಚ್‌ಗಾಟ್ ಮತ್ತು ಲೂಯಿ ಇಗ್ನಾರೊ ಬೇರೆ ಬೇರೆಯಾಗಿ ಹೇಳಿದರು. ಎಂಡೋಥೀಲಿಯಂ ಕೋಶಗಳಿಂದ ಹೊರಡುವ ಆ ಅನಿಲವನ್ನು ಅಳೆದು, 1987ರಲ್ಲಿ ‘ನೇಚರ್’ನಲ್ಲಿ ತೋರಿಸಿದ್ದು ಇಂಗ್ಲೆಂಡಿನಲ್ಲಿದ್ದ ಸಾಲ್ವಡೋರ್ ಮೊಂಕಾಡಾ ಅವರ ತಂಡ. ಅದನ್ನೂ ಸಾವಿರಾರು ಮಂದಿ ಉಲ್ಲೇಖಿಸಿದರು. 1998ರ ನೊಬೆಲ್ ಬಂದದ್ದು ಫರ್ಚ್‌ಗಾಟ್, ಇಗ್ನಾರೊ ಮತ್ತು ಎದೆನೋವಿನ ನೈಟ್ರೊಗ್ಲಿಸರಿನ್ ಔಷಧದಿಂದ ನೈಟ್ರಿಕ್ ಆಕ್ಸೈಡ್ ಹೊರಡುತ್ತದೆಂದು ಕಂಡುಕೊಂಡ ಫೆರಿಡ್ ಮುರಾದ್ ಅವರಿಗೆ. ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ, ಮೊಂಕಾಡಾ ಹೊರಗುಳಿದರು. ಅದು ಸರಿಯಾಗಲಿಲ್ಲ ಎನ್ನುವವರಲ್ಲಿ ನಾನೂ ಒಬ್ಬಳು.

ಈಗ ನಿಮ್ಮ ಮನೆಯ ವಿಷಯ. 41ರವರ ಪಟ್ಟಿಯಲ್ಲಿ ಮೇಲಿನ ಐದು ಪ್ರಬಂಧಗಳನ್ನು ತೆರೆದು ನೋಡಿ. ನೂರಾರು ಲೇಖಕರ ಆಸ್ಪತ್ರೆ ಟ್ರಯಲ್‌ಗಳೋ, ಇತರರ ಕೆಲಸ ಒಟ್ಟುಮಾಡಿದ ವಿಮರ್ಶಾ ಲೇಖನಗಳೋ, ಅಥವಾ ಅವರದೇ ಲ್ಯಾಬಿನ ಪ್ರಯೋಗಗಳೋ? ಲೇಖಕರ ಸಾಲಿನಲ್ಲಿ ಮೊದಲ ಹೆಸರು ವಿದ್ಯಾರ್ಥಿಗಳದ್ದೇ? ಇಬ್ಬರ ವಿದ್ಯಾರ್ಥಿಗಳನ್ನೂ ಕ್ಯಾಂಟೀನಿನಲ್ಲಿ ಮಾತಾಡಿಸಲು ಮಗಳಿಗೆ ಹೇಳಿ. ಎಷ್ಟು ವರ್ಷಕ್ಕೆ ಥೀಸಿಸ್ ಮುಗಿಯುತ್ತದೆ, ಪ್ರಯೋಗ ಕೆಟ್ಟ ದಿನ ಗೈಡ್ ಏನೆನ್ನುತ್ತಾರೆ ಎಂಬುದು ಅಲ್ಲೇ ಗೊತ್ತಾಗುವುದು. 14ರವರೇ ಯಾಕೆ ಬೇಕು ಎಂದು ಅವಳನ್ನು ಕೇಳಿದ್ದೀರಾ? ಪತ್ರದಲ್ಲಿ ಅದೊಂದನ್ನು ನೀವು ಬರೆದಿಲ್ಲ.

ಪ್ರಶ್ನೆ: ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯನ್ನು ನೀರಿನಲ್ಲಿ ನುಂಗಿದರೆ ಆಗದೇ?
– ಓದುಗರು, ಸಾಗರ

ಉತ್ತರ: ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಕರಗಿಹೋಗುತ್ತದೆ, ಕೆಲಸವೂ ತಡ. ನಾಲಿಗೆಯಡಿಯಿಂದ ನೇರ ರಕ್ತಕ್ಕೆ ಸೇರಿ, ಮೇಲೆ ಹೇಳಿದ ಅದೇ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ರಕ್ತನಾಳ ಸಡಿಲಿಸುತ್ತದೆ. ಬಿಪಿ ಇಳಿದು ತಲೆ ಸುತ್ತಬಹುದು, ಕೂತೇ ತೆಗೆದುಕೊಳ್ಳಿ. ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ 108ಕ್ಕೆ ಫೋನ್ ಮಾಡಿ. ವಯಾಗ್ರದಂಥ ಮಾತ್ರೆ ಬಳಸುವವರು ಇದನ್ನು ಮುಟ್ಟಲೇಬಾರದು. ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.