ಮನೆಯ ಮೀನಿನ ಟ್ಯಾಂಕಿಗೂ ಲೆಕ್ಕದ ಪುಸ್ತಕ ಬೇಕಾ?

ನಿಮ್ಮದು ಎರಡಡಿ ಟ್ಯಾಂಕ್, ಇಟ್ಟು ಎರಡು ತಿಂಗಳಾಗಿದೆ, ಗಪ್ಪಿ ಮತ್ತು ಮೋಲಿ ಇವೆ. ಮೀನಿನ ಅಂಗಡಿಯವರು ಎಲ್ಲವನ್ನೂ ಬರೆದಿಡಿ ಅಂದಿದ್ದಾರೆ. ಇಷ್ಟು ಚಿಕ್ಕ ಟ್ಯಾಂಕಿಗೆ ಅದೆಲ್ಲ ಬೇಕಾ, ಏನು ಬರೆಯಬೇಕು, ಮೊಬೈಲಲ್ಲೋ ಪುಸ್ತಕದಲ್ಲೋ ಅಂತ ಕೇಳಿದ್ದೀರಿ.

ಬೇಕು. ಚಿಕ್ಕ ಟ್ಯಾಂಕಿಗೇ ಜಾಸ್ತಿ ಬೇಕು, ಯಾಕಂದರೆ ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ. ನಾನು ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಮೀನು ಸಾಕುತ್ತಿದ್ದೇನೆ. ಟ್ಯಾಂಕಿನ ಪಕ್ಕ ಒಂದು ನೋಟ್‌ಬುಕ್ ಇದ್ದೇ ಇರುತ್ತದೆ. ಮೀನು ಸತ್ತಾಗ ನಾವೆಲ್ಲ ಮೊದಲು ಯೋಚಿಸುವುದು ನಿನ್ನೆ ಏನಾಯ್ತು ಅಂತ. ಆದರೆ ಎಷ್ಟೋ ಸಲ ಕಾರಣ ಹತ್ತು ಹದಿನೈದು ದಿನ ಹಿಂದಿನದಾಗಿರುತ್ತದೆ. ಹೊಸ ಮೀನು ತಂದದ್ದು, ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದದ್ದು, ರಾತ್ರಿಯೆಲ್ಲ ಕರೆಂಟ್ ಇಲ್ಲದೇ ಇದ್ದದ್ದು. ಇಂಥದ್ದು ಯಾವತ್ತು ಆಯಿತು ಅಂತ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕೆಲವು ಬದಲಾವಣೆ ಎಷ್ಟು ನಿಧಾನ ಅಂದರೆ ಒಂದು ದಿನದ ಟೆಸ್ಟಿನಲ್ಲಿ ಗೊತ್ತೇ ಆಗುವುದಿಲ್ಲ. ಪಿಎಚ್ ಅನ್ನೇ ತೆಗೆದುಕೊಳ್ಳಿ, ಅಂದರೆ ನೀರಿನ ಆಮ್ಲೀಯತೆ ಹೇಳುವ ಅಂಕಿ; ಆಮ್ಲ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಒಂದು ತಿಂಗಳು 7.6, ಮುಂದಿನ ತಿಂಗಳು 7.4, ಆಮೇಲೆ 7.0, ಆಮೇಲೆ 6.6. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೆದರುವ ಅಂಕಿ ಅಲ್ಲ. ಒಂದರ ಕೆಳಗೊಂದು ಬರೆದಾಗ ಮಾತ್ರ ಜಾರುತ್ತಿರುವುದು ಕಾಣುತ್ತದೆ.

ಅದು ಯಾಕೆ ಜಾರುತ್ತದೆ ಅಂದರೆ, ಮೀನಿನ ಕಸದಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ನೀರಿನಲ್ಲಿರುವ ಕಾರ್ಬೋನೇಟ್ ಆ ಆಮ್ಲವನ್ನು ಹಿಡಿದಿಡುತ್ತದೆ, ಹಾಗೆ ಹಿಡಿಯುತ್ತಾ ತಾನೇ ಮುಗಿಯುತ್ತಾ ಹೋಗುತ್ತದೆ. ನೀರು ಬದಲಿಸುವುದು ಕಡಿಮೆಯಾದರೆ ಕಾರ್ಬೋನೇಟ್ ಖಾಲಿಯಾಗಿ ಪಿಎಚ್ ಕುಸಿಯುತ್ತದೆ. ತುಂಬಾ ಇಳಿದರೆ ಆ ಬ್ಯಾಕ್ಟೀರಿಯಾಗಳೇ ಸುಸ್ತಾಗುತ್ತವೆ, ಅಮೋನಿಯಾ ಸೇರಿಕೊಳ್ಳುತ್ತದೆ. ಪಿಎಚ್ ಕಡಿಮೆ ಇರುವವರೆಗೆ ಅದರ ಬಹುಪಾಲು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದರಿಂದ ಮೀನು ಹೇಗೋ ತಡೆದುಕೊಂಡಿರುತ್ತವೆ. ಇದ್ಯಾವುದೂ ಗೊತ್ತಿಲ್ಲದೆ ಒಂದು ಭಾನುವಾರ ಟ್ಯಾಂಕ್ ಕ್ಲೀನ್ ಮಾಡೋಣ ಅಂತ ಮುಕ್ಕಾಲು ನೀರು ತೆಗೆದು ಹೊಸ ನೀರು ತುಂಬಿದರೆ ಪಿಎಚ್ ಒಮ್ಮೆಲೇ ಏರುತ್ತದೆ, ಉಳಿದ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ. ನೀರು ಬದಲಿಸಿದ ಮೇಲೆ ಮೀನು ಸತ್ತವು ಅಂತ ಎಷ್ಟೋ ಜನ ಹೇಳುವುದರ ಹಿಂದೆ ಇದೂ ಒಂದು ಕಾರಣ. ಪುಸ್ತಕದಲ್ಲಿ ಪಿಎಚ್ ಇಳಿಯುತ್ತಿರುವುದು ಕಂಡರೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ ಸರಿ ಮಾಡಬಹುದು.

ಇನ್ನು ಏನು ಬರೆಯಬೇಕು ಅನ್ನುವುದು. ಮೊದಲ ಪುಟದಲ್ಲಿ ಟ್ಯಾಂಕಿನ ನಿಜವಾದ ನೀರು ಎಷ್ಟು ಲೀಟರ್ ಅಂತ ಬರೆಯಿರಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಬೇಕು. 60, 30, 30 ಆದರೆ 54 ಲೀಟರ್. ಆದರೆ ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ 45ರ ಹತ್ತಿರ ಬರುತ್ತದೆ. ಔಷಧ ಹಾಕುವ ದಿನ ಈ ಲೆಕ್ಕ ಬೇಕೇ ಬೇಕು.

ಅದೇ ಪುಟದಲ್ಲಿ ನಿಮ್ಮ ನಲ್ಲಿ ನೀರಿನ ಅಂಕಿಗಳೂ ಇರಲಿ. ಟ್ಯಾಂಕ್ ನೀರು ಟೆಸ್ಟ್ ಮಾಡುವವರು ತುಂಬಾ ಜನ, ಒಳಗೆ ಸುರಿಯುವ ನೀರನ್ನು ಟೆಸ್ಟ್ ಮಾಡುವವರು ಕಡಿಮೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಪರದಾಟ ಆಯಿತಲ್ಲ, ಆಗ ನಮ್ಮ ಮನೆಯ ಸಂಪ್‌ಗೆ ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಟ್ಯಾಂಕರ್ ನೀರು. ನೋಡಲು ಎರಡೂ ಒಂದೇ ಥರ. ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ ಮಾತ್ರ ವ್ಯತ್ಯಾಸ. ಪುಸ್ತಕದಲ್ಲಿ 200ರ ಆಸುಪಾಸು ಇದ್ದ ನೀರು ಒಂದು ವಾರ 700 ದಾಟಿತ್ತು. ಹಳೆಯ ಅಂಕಿ ಕಣ್ಣೆದುರು ಇದ್ದದ್ದರಿಂದ ಬಕೆಟ್ ಸುರಿಯದೆ ಚೊಂಬಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿದೆ. ಬೇಸಿಗೆಯಲ್ಲಿ ಇನ್ನೊಂದು ವಿಷಯ: ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ನೀರು ತುಂಬಿದ್ದನ್ನೂ, ತೆಗೆದು ಬದಲಿಸಿದ್ದನ್ನೂ ಬೇರೆ ಬೇರೆ ಬರೆಯಿರಿ.

ಆಮೇಲಿನ ಪುಟಗಳು ಸುಲಭ. ನನ್ನ ಪುಸ್ತಕದಲ್ಲಿ ಒಂದು ದಿನದ ಬರಹ ಹೀಗಿರುತ್ತದೆ:

"ಭಾನುವಾರ. 26 ಡಿಗ್ರಿ. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 20, ಪಿಎಚ್ 7.4. ಒಂದು ಬಕೆಟ್ ಬದಲಿಸಿದೆ, ಕಾವೇರಿ. ಸ್ಪಂಜ್ ಮುಟ್ಟಿಲ್ಲ. ಕಪ್ಪು ಮೋಲಿ ಮೂಲೆಯಲ್ಲಿ ನಿಂತಿದೆ, ರೆಕ್ಕೆ ಮುದುಡಿಕೊಂಡಿದೆ. ಊಟಕ್ಕೆ ಬಂತು."

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕೊನೆಯ ಎರಡು ಸಾಲು. ನೀರಿನ ಟೆಸ್ಟ್ ಕಿಟ್ ತೋರಿಸದ್ದನ್ನು ಮೀನು ತೋರಿಸುತ್ತದೆ. ರೆಕ್ಕೆ ಮುದುಡಿದ್ದು, ಕಲ್ಲಿಗೆ ಮೈ ಉಜ್ಜಿದ್ದು, ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಆಡಿಸಿದ್ದು, ಕಂಡದ್ದನ್ನು ಕಂಡ ಹಾಗೆ ಬರೆಯಿರಿ. "ಹುಷಾರಿಲ್ಲ" ಅಂತ ಸುಮ್ನೆ ಬರೆದರೆ ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಅಂಕಿ ಬರೆಯುವಾಗಲೂ ಟೆಸ್ಟ್ ಸರಿಯಾಗಿರಬೇಕು, ಅಲ್ವಾ? ಹನಿ ಹಾಕುವ ಕಿಟ್ ಆದರೆ ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ನಿಂತು, ಗಾಜಿನ ಕೊಳವೆಯನ್ನು ಬಿಳಿ ಕಾರ್ಡಿಗೆ ಒತ್ತಿ ಹಿಡಿದು ನೋಡಿ. ಅಮೋನಿಯಾ ಇಲ್ಲದಿದ್ದರೆ ಹಳದಿ, ಏರಿದಂತೆ ಹಸಿರು. ರಾತ್ರಿ ಬಲ್ಬಿನ ಬೆಳಕಿನಲ್ಲಿ ಹಳದಿಯೂ ಹಸಿರಿನಂತೆ ಕಾಣಬಹುದು. ಎರಡು ಬಣ್ಣಗಳ ನಡುವೆ ಬಂದರೆ "0 ಮತ್ತು 0.25ರ ನಡುವೆ" ಅಂತಲೇ ಬರೆಯಿರಿ. ನೈಟ್ರೇಟಿನ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಲೇಬೇಕು. ಅದರ ಪುಡಿ ತಳಕ್ಕೆ ಕೂತಿರುತ್ತದೆ, ಕುಲುಕದಿದ್ದರೆ ಅಂಕಿ ಕಡಿಮೆ ತೋರಿಸುತ್ತದೆ.

ಎರಡು ತಿಂಗಳ ಟ್ಯಾಂಕಿಗೆ ವಾರಕ್ಕೊಂದು ಟೆಸ್ಟ್ ಸಾಕು. ಹೊಸ ಮೀನು ಬಿಟ್ಟಾಗ, ಫಿಲ್ಟರ್ ತೊಳೆದಾಗ ಎರಡು ದಿನಕ್ಕೊಮ್ಮೆ ಮಾಡಿ. ಏನೂ ವಿಶೇಷ ಇಲ್ಲದ ದಿನ "ಎಲ್ಲ ಸರಿ" ಅಂತ ಬರೆದರೂ ಸರಿ, ಅವತ್ತು ನೋಡಿದ್ದೀರಿ ಅನ್ನುವುದು ಗೊತ್ತಾಗುತ್ತದೆ.

ಬಿಳಿ ಚುಕ್ಕೆ ರೋಗ ಬಂದರೆ ಔಷಧದ ಹೆಸರು, ಎಷ್ಟು ಹಾಕಿದಿರಿ, ಯಾವತ್ತು ಶುರು, ಚುಕ್ಕೆ ಯಾವತ್ತು ಹೋಯಿತು, ಎಲ್ಲ ಬರೆಯಿರಿ. ಮೈಮೇಲಿನ ಚುಕ್ಕೆಯೊಳಗೆ ಔಷಧ ತಾಗುವುದಿಲ್ಲ. ಈ ರೋಗ ತರುವ ಪರೋಪಜೀವಿ ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಅದಕ್ಕೇ ಚುಕ್ಕೆ ಹೋದ ಮೇಲೂ ಕೆಲವು ದಿನ ಮುಂದುವರಿಸಬೇಕು, ಆ ಕೆಲವು ದಿನ ಎಣಿಸಲು ತಾರೀಕು ಬೇಕು. ಗಪ್ಪಿ ಮರಿ ಹಾಕಿದ ದಿನವನ್ನೂ ಗುರುತು ಮಾಡಿ. ಸುಮಾರು ನಾಲ್ಕು ವಾರಕ್ಕೆ ಮತ್ತೆ ಹಾಕುತ್ತದೆ, ಗಂಡು ಪಕ್ಕದಲ್ಲಿ ಇಲ್ಲದಿದ್ದರೂ.

ಮೊಬೈಲೋ ಪುಸ್ತಕವೋ? ನನ್ನ ಮತ ಪುಸ್ತಕಕ್ಕೆ, ಅದೂ ಪೆನ್ಸಿಲಿನಲ್ಲಿ. ಕೈ ಒದ್ದೆ ಇರುತ್ತದೆ, ಇಂಕು ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಮೊಬೈಲನ್ನು ಫೋಟೋಗೆ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಒಂದು ತೆಗೆಯಿರಿ. ಪುಸ್ತಕ ಟ್ಯಾಂಕಿನ ಪಕ್ಕದಲ್ಲೇ ಇದ್ದರೆ ಮನೆಯವರೆಲ್ಲ ಬರೆಯಬಹುದು. ಆಹಾರಕ್ಕೆ ಅಂತ ಬೆಳಗ್ಗೆ, ಸಂಜೆ ಎರಡು ಕಾಲಂ ಹಾಕಿ, ಹಾಕಿದವರು ಟಿಕ್ ಮಾಡಲಿ. ಬೆಳಗ್ಗೆ ಅಜ್ಜಿ ಹಾಕಿರುತ್ತಾರೆ, ಗೊತ್ತಿಲ್ಲದೆ ಮಕ್ಕಳು ಇನ್ನೊಂದು ಚಿಟಿಕೆ ಹಾಕುತ್ತಾರೆ. ಗಪ್ಪಿ ಅಂತೂ ಎಷ್ಟು ಸಲ ಕೊಟ್ಟರೂ ಹಸಿದ ಹಾಗೇ ಓಡಿ ಬರುತ್ತದೆ.