ಕಾಲೇಜಿಗೆ ಬಿಇ ಗೊತ್ತಿಲ್ಲ, ಊರಿಗೆ ಕಾಲೇಜು ಗೊತ್ತಿಲ್ಲ

ಬರೆಯೋದಕ್ಕೆ ಆಕೆಯ ಒಪ್ಪಿಗೆ ಇದೆ. ಊರು, ವಯಸ್ಸು, ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರಂತೂ ಬೇಡ ಅಂದರು, ಹಾಗಾಗಿ ಸುಮ್ನೆ 'ಈಕೆ' ಅಂತಲೇ ಇರಲಿ.

ಈಕೆಗೆ 36 ವರ್ಷ, ದಾವಣಗೆರೆ ಕಡೆಯವರು. ಮೆಕ್ಯಾನಿಕಲ್ ಬಿಇ. ಮದುವೆಗೆ ಮುಂಚೆ ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ 4 ವರ್ಷ ಜಿಗ್, ಫಿಕ್ಸ್ಚರ್ (ಮಷಿನ್ ಕೆಲಸದ ವೇಳೆ ಪಾರ್ಟನ್ನ ಅಲುಗದ ಹಾಗೆ ಹಿಡಿಯೋ ಸಾಧನಗಳು) ಡ್ರಾಯಿಂಗ್ ಮಾಡಿದ್ದರು. ಆಮೇಲೆ ಗಂಡನ ಜೊತೆ ಕ್ಯಾಲಿಫೋರ್ನಿಯಾ, ಎಚ್4 ವೀಸಾ (ಅಲ್ಲಿ ಎಚ್1ಬಿ ವೀಸಾದಲ್ಲಿ ಕೆಲಸ ಮಾಡೋರ ಗಂಡ ಅಥವಾ ಹೆಂಡತಿಗೆ ಕೊಡೋದು), ಎರಡು ಮಕ್ಕಳು, 9 ವರ್ಷ ಮನೆ. ಕಿರಿಯವನು ಶಾಲೆಗೆ ಸೇರಿದ ಮೇಲೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಡ್ ಡ್ರಾಫ್ಟಿಂಗ್ (ಕಂಪ್ಯೂಟರಿನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಬರೆಯೋದು) ಸರ್ಟಿಫಿಕೇಟ್‌ಗೆ ಸೇರಿದರು. ಎರಡನೇ ಸೆಮಿಸ್ಟರ್‌ನಲ್ಲಿ, ಆಪ್ತ ಸಮಾಲೋಚನೆ ಮಾಡುವ ನನಗೆ ಫೋನ್. ಅವರಿಗೆ ಸಂಜೆ 7, ನಮಗೆ ಮರುದಿನ ಬೆಳಿಗ್ಗೆ ಏಳೂವರೆ.

"ನಿದ್ದೆ ಬರ್ತಿಲ್ಲ ಮೇಡಂ. ಕಾಲೇಜು ಬಿಟ್ಟುಬಿಡ್ಲಾ?"

ಮೊದಲ ಸಲ ನಾನು ಎಡವಿದೆ. ಅತ್ತೆ 6 ತಿಂಗಳಿಗೆ ಬಂದಿದ್ದಾರೆ ಅಂದ ತಕ್ಷಣ ಓ ಇದೇ ಇರಬೇಕು ಅಂದುಕೊಂಡು ಇಡೀ ಗಂಟೆ ಅಡುಗೆಮನೆ, ಮಕ್ಕಳ ಟಿಫಿನ್ ಬಾಕ್ಸ್, ಸಂಜೆ ಕ್ಲಾಸಿಗೆ ಹೊರಡುವಾಗ ಅತ್ತೆಯ ಮುಖ ಹೇಗಿರುತ್ತೆ ಅಂತೆಲ್ಲ ಕೇಳಿದೆ. ಪಾಪ, ಎಲ್ಲದಕ್ಕೂ ಉತ್ತರ ಕೊಟ್ಟರು. ಅತ್ತೆಗೆ ಇವರ ಓದಿನ ಬಗ್ಗೆ ತಕರಾರೇ ಇರಲಿಲ್ಲ. ರಾತ್ರಿ ಊಟಕ್ಕೆ ರೊಟ್ಟಿ ಅವರೇ ತಟ್ಟುತ್ತಿದ್ದರು.

ಎರಡನೇ ಸಲ "ಕಾಲೇಜಿನಲ್ಲಿ ಕೊನೇ ಸಲ ಬೇಜಾರಾಗಿದ್ದು ಯಾವತ್ತು?" ಅಂತ ಕೇಳಿದೆ. ಈಕೆ ಸ್ಕ್ರೀನ್ ಶೇರ್ ಮಾಡಿ ಒಂದು ಡ್ರಾಯಿಂಗ್ ತೋರಿಸಿದರು. ಎಲ್ ಆಕಾರದ ಬ್ರಾಕೆಟ್, ಒಂದು ಕಡೆ ತೂತು. ಫ್ರಂಟ್ ವ್ಯೂ (ಎದುರಿನಿಂದ ಕಾಣೋ ನೋಟ) ಮೇಲೆ, ಟಾಪ್ ವ್ಯೂ (ಮೇಲಿನಿಂದ ಕಾಣೋದು) ಅದರ ಕೆಳಗೆ. ನಮ್ಮ ಕಾಲೇಜುಗಳಲ್ಲಿ ಹಾಗೇ ಕಲಿಸೋದು, ಫಸ್ಟ್ ಆಂಗಲ್. ಅಮೆರಿಕದಲ್ಲಿ ಥರ್ಡ್ ಆಂಗಲ್, ಅಂದ್ರೆ ಟಾಪ್ ವ್ಯೂ ಮೇಲೇ ಬರಬೇಕು, ಬಲಗಡೆಯಿಂದ ನೋಡಿದ ವ್ಯೂ ಬಲಕ್ಕೇ ಬರಬೇಕು. ಈಕೆಗೆ ಇದು ಗೊತ್ತಿಲ್ಲ ಅಂತಲ್ಲ. ಸುಸ್ತಾಗಿದ್ದ ದಿನ, ಕೈ ಹಳೇ ದಾರಿ ಹಿಡಿದಿದೆ ಅಷ್ಟೆ. ಮೇಷ್ಟ್ರು ಕೆಂಪಕ್ಷರದಲ್ಲಿ "ಇದನ್ನ ಹೀಗೇ ಕಳಿಸಿದರೆ ವರ್ಕ್‌ಶಾಪ್‌ನವರು ಉಲ್ಟಾ ಪಾರ್ಟ್ ಮಾಡಿ ಕೊಡ್ತಾರೆ" ಅಂತ ಬರೆದು ಅರ್ಧದಷ್ಟು ಅಂಕ ಕಿತ್ತಿದ್ದರು. ಮುಂದಿನ ಕ್ಲಾಸಿನಲ್ಲಿ ಪಕ್ಕ ಕೂತು, ಪೆನ್ಸಿಲ್ಲೇ ಹಿಡಿಯದವರಿಗೆ ಹೇಳುವ ಹಾಗೆ, ವ್ಯೂ ಅಂದ್ರೆ ಏನು ಅಂತ ಮೊದಲಿಂದ ಹೇಳಿಕೊಟ್ಟರಂತೆ.

"ನೀವು ಬಿಇ ಮಾಡಿದ್ದು, ಅಲ್ಲಿ ಫಸ್ಟ್ ಆಂಗಲ್ ಕಲಿತಿದ್ದು ಅವರಿಗೆ ಹೇಳಿದ್ರಾ?"

ಇಲ್ಲ. ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ. ಇಂಜಿನಿಯರ್ ಆಗಿ ಇಲ್ಲಿ ಕೂತಿದೀನಿ ಅಂತ ಗೊತ್ತಾದ್ರೆ ಏನಂದುಕೊಳ್ತಾರೋ ಅನ್ನೋ ನಾಚಿಕೆ. ಪಕ್ಕದ ಸೀಟಿನಲ್ಲಿ 19ರ ಹುಡುಗ ಒಬ್ಬನಿದ್ದಾನೆ. ಈಕೆ ಆಟೋಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವಾಗ ಎಡಗೈ ಕೀಬೋರ್ಡ್ ಮೇಲೆ, ಬಲಗೈ ಮೌಸ್ ಮೇಲೆ. ಎಲ್ ಹೊಡೆದರೆ ಗೆರೆ, ಓ ಹೊಡೆದರೆ ಆಫ್‌ಸೆಟ್ (ಸಮಾಂತರ ಗೆರೆ), ಟಿಆರ್ ಹೊಡೆದರೆ ಟ್ರಿಮ್ (ಹೆಚ್ಚಿನ ಗೆರೆ ಕತ್ತರಿಸೋದು), ಐಕಾನ್ ಹುಡುಕೋ ಮಾತೇ ಇಲ್ಲ. ಅವನು ಬಾಯಿ ಬಿಟ್ಟುಕೊಂಡು ನೋಡಿ ಎಲ್ಲಿ ಕಲಿತಿರಿ ಅಂತ ಕೇಳಿದ. ಈಕೆ ಹೇಳಿದ್ದು, ಯೂಟ್ಯೂಬ್.

ಇತ್ತ ಊರಲ್ಲಿ? ಅಪ್ಪ, ಅಮ್ಮ, ಚಿಕ್ಕಮ್ಮಂದಿರು, ಬಿಇ ಗೆಳತಿಯರ ವಾಟ್ಸಾಪ್ ಗುಂಪು, ಎಲ್ಲರಿಗೂ 'ಎಂಎಸ್ ಮಾಡ್ತಿದೀನಿ' ಅಂತ ಹೇಳಿಟ್ಟಿದ್ದಾರೆ. ಯಾವ ಯೂನಿವರ್ಸಿಟಿ ಅಂತ ಅಪ್ಪ ಕೇಳಿದಾಗಲೆಲ್ಲ ಮಗು ಅಳ್ತಿದೆ ಅಂತ ಫೋನ್ ಇಡೋದು.

ನಿದ್ದೆ ಎಲ್ಲಿಂದ ಬರಬೇಕು ಹೇಳಿ. ಕಾಲೇಜಿನವರಿಗೆ ಬಿಇ ಗೊತ್ತಾಗಬಾರದು, ಬಿಇ ಗೊತ್ತಿರೋರಿಗೆ ಕಾಲೇಜು ಗೊತ್ತಾಗಬಾರದು. ಎರಡು ಕಡೆ ಕಾವಲು ಕಾಯೋದು ಓದಿಗಿಂತ ದೊಡ್ಡ ಕೆಲಸ.

ಕಮ್ಯುನಿಟಿ ಕಾಲೇಜು ಅಂದ್ರೆ ಏನೋ ಕಡಿಮೆ ಅನ್ನೋ ಭಾವನೆ ನಮ್ಮವರಲ್ಲಿ ಜಾಸ್ತಿ, ಅದಕ್ಕೆ ಒಂದು ಮಾತು. ನಮ್ಮ ಪಾಲಿಟೆಕ್ನಿಕ್, ಐಟಿಐ, ಡಿಗ್ರಿಯ ಮೊದಲೆರಡು ವರ್ಷ, ಮೂರನ್ನೂ ಒಂದೇ ಕಾಂಪೌಂಡಿನಲ್ಲಿ ಇಟ್ಟರೆ ಹೇಗೋ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ಅಲ್ಲಿನ ನಿವಾಸಿಗಳಿಗೆ ಯೂನಿಟ್‌ಗೆ (ನಮ್ಮ ಕ್ರೆಡಿಟ್ ಇದ್ದ ಹಾಗೆ) 46 ಡಾಲರ್, ಅಂದ್ರೆ 3 ಯೂನಿಟ್‌ನ ಒಂದು ಕೋರ್ಸಿಗೆ 138. ಎಚ್4ನಲ್ಲಿ ಇರೋರು ಒಂದು ವರ್ಷಕ್ಕಿಂತ ಜಾಸ್ತಿ ಅಲ್ಲೇ ನೆಲೆಸಿ, ಅದಕ್ಕೆ ದಾಖಲೆ ತೋರಿಸಿದರೆ ಅವರಿಗೂ ಇದೇ ಶುಲ್ಕ. ಈಕೆಯ ಕ್ಲಾಸಿನಲ್ಲಿ ಆ 19ರ ಹುಡುಗನೂ ಇದ್ದಾನೆ, 30 ವರ್ಷ ಮಿಲ್ಲಿಂಗ್ ಮಷಿನ್ ನಡೆಸಿ ಮಂಡಿ ನೋವಾಗಿ ಕೂತು ಮಾಡುವ ಕೆಲಸ ಹುಡುಕುತ್ತಿರೋ ಅಜ್ಜನೂ ಇದ್ದಾನೆ. ಎಂ6, ಅಂದ್ರೆ 6 ಮಿಲಿಮೀಟರಿನ ಬೋಲ್ಟ್ ಮಾತ್ರ ಗೊತ್ತಿದ್ದ ಈಕೆಗೆ, ಕಾಲಿಂಚು ದಪ್ಪ, ಇಂಚಿಗೆ 20 ಸುತ್ತಿನ ಅಲ್ಲಿನ ಥ್ರೆಡ್ಡು, ಅದಕ್ಕೆ 7ನೇ ನಂಬರಿನ ಡ್ರಿಲ್ಲು ಅಂತ ಹೇಳಿಕೊಟ್ಟಿದ್ದು ಆ ಅಜ್ಜನೇ.

ನಾನು ಹೇಳಿದ್ದು ಹೀಗೆ. ಬಿಡೋದೋ ಬೇಡವೋ ಅನ್ನೋದನ್ನ 3 ವಾರ ಮುಟ್ಟಬೇಡಿ. ಅದಕ್ಕೂ ಮುಂಚೆ ಕೋರ್ಸ್ ಕೈಬಿಡುವ ಕೊನೇ ದಿನಾಂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ದಿನದೊಳಗೆ ಬಿಟ್ಟರೆ ಅಂಕಪಟ್ಟಿಯಲ್ಲಿ ಬರೀ ಡಬ್ಲ್ಯೂ (ವಿತ್‌ಡ್ರಾ, ಅಂದ್ರೆ ಕೋರ್ಸ್ ಕೈಬಿಟ್ಟರು ಅಂತ) ಬೀಳುತ್ತೆ, ಸರಾಸರಿ ಅಂಕಕ್ಕೆ ಪೆಟ್ಟಿಲ್ಲ. ಅಷ್ಟರೊಳಗೆ ಮೇಷ್ಟ್ರ ಆಫೀಸ್ ಅವರ್‌ಗೆ (ವಿದ್ಯಾರ್ಥಿಗಳು ಬಂದು ಮಾತಾಡಲಿ ಅಂತ ಇಟ್ಟಿರೋ ಹೊತ್ತು) ಹೋಗಿ ಬಿಇ ವಿಷಯ ಹೇಳಿ. ಕ್ಷಮೆ ಕೇಳೋ ಧಾಟಿ ಬೇಡ, 'ನಾನು ಫಸ್ಟ್ ಆಂಗಲ್‌ನಲ್ಲಿ 4 ವರ್ಷ ಕೆಲಸ ಮಾಡಿದೀನಿ, ಕೈ ತಪ್ಪುತ್ತೆ' ಅಂದರೆ ಸಾಕು. ಬಿಇ ಅಂಕಪಟ್ಟಿಯನ್ನ ಅಲ್ಲಿನ ಲೆಕ್ಕಕ್ಕೆ ಪರಿಶೀಲನೆ ಮಾಡಿಸಿದರೆ ಯಾವ ಕೋರ್ಸಿಗಾದರೂ ವಿನಾಯಿತಿ ಸಿಗುತ್ತಾ ಅಂತ ಕಾಲೇಜಿನ ಕೌನ್ಸಿಲರ್‌ನ ಕೇಳಿ. ಊರಲ್ಲಿ ಎಲ್ಲರಿಗೂ ಹೇಳೋ ಅಗತ್ಯ ಇಲ್ಲ. ಒಬ್ಬರಿಗೆ ಹೇಳಿ, ಯಾರಿಗೆ ಸುಳ್ಳು ಹೇಳುವಾಗ ಜಾಸ್ತಿ ನೋವಾಗುತ್ತೋ ಅವರಿಗೆ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡಿದೆ. ಮಾತಿನ ನಡುವೆ ಈಕೆ, ಪರಿಚಯದ ಕಂಟ್ರ್ಯಾಕ್ಟರ್ ಒಬ್ಬ ಹಿತ್ತಲ ಮನೆಗಳ ಪ್ಲಾನ್ ಬರೆದುಕೊಡಿ, ಕ್ಯಾಶ್ ಕೊಡ್ತೀನಿ ಅಂದಿದಾನೆ ಅಂತ ಬಾಯಿಬಿಟ್ಟರು. ಬೇಡ ಕಣಮ್ಮಾ, ಅಂದೆ. ಎಚ್4ನಲ್ಲಿ ಓದೋದಕ್ಕೆ ತಡೆ ಇಲ್ಲ, ದುಡಿಯೋದಕ್ಕೆ ಇಎಡಿ ಅನ್ನೋ ಕೆಲಸದ ಪರವಾನಗಿ ಬೇಕು. 2015ರಲ್ಲಿ ಬಂದ ನಿಯಮದ ಪ್ರಕಾರ ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕೋ ಅರ್ಜಿ) ಮಂಜೂರಾದ ಮೇಲೆ ಸಾಮಾನ್ಯವಾಗಿ ಅರ್ಜಿ ಹಾಕೋದು. ಇವರ ಕೈಗೆ ಇನ್ನೂ ಇಎಡಿ ಬಂದಿಲ್ಲ. 400 ಡಾಲರ್ ಆಸೆಗೆ ಇಡೀ ಮನೆಯ ವೀಸಾ ಪಣಕ್ಕಿಡೋದಾ? ಪುಕ್ಕಟೆ ಮಾಡಿಕೊಟ್ಟರೆ ಪರವಾಗಿಲ್ವಾ ಅಂದರು. ಅದನ್ನ ವಲಸೆ ವಕೀಲರನ್ನ ಕೇಳಿ, ನನ್ನನ್ನಲ್ಲ, ಅಂದೆ. ಕ್ಲಾಸಿನ ಪ್ರಾಜೆಕ್ಟನ್ನೇ ಚೆನ್ನಾಗಿ ಮಾಡಿ ಜೋಪಾನವಾಗಿ ಎತ್ತಿಡಿ, ಕೆಲಸ ಕೇಳುವ ದಿನ ಬಂದಾಗ ತೋರಿಸೋದು ಅದನ್ನೇ. ಆ ದಿನ ಯಾವಾಗ ಅಂತ ನಾನು ಹೇಳಲಾರೆ, ಸುಳ್ಳು ಭರವಸೆ ಕೊಟ್ಟು ಏನು ಪ್ರಯೋಜನ.

3 ವಾರ ಕಳೆದ ಮೇಲೆ ಮತ್ತೆ ಮಾತಾಡಿದೆವು. ಮೇಷ್ಟ್ರಿಗೆ ಹೇಳಿದ್ದಾರೆ. ಅಂಕ ವಾಪಸ್ ಬರಲಿಲ್ಲ, ಆದರೆ ಅವರು ಈಕೆಗೆ ಬಿಡಿ ಪಾರ್ಟ್ ಬರೆಸೋದು ಬಿಟ್ಟು ನೇರ ಸಾಲಿಡ್‌ವರ್ಕ್ಸ್‌ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಒಂದು ಫಿಕ್ಸ್ಚರ್ ಅಸೆಂಬ್ಲಿಯನ್ನೇ (ಎಲ್ಲ ಪಾರ್ಟ್ ಸೇರಿಸಿದ ಪೂರ್ತಿ ಜೋಡಣೆ) ಕೊಟ್ಟಿದ್ದಾರೆ. ಊರಲ್ಲಿ ಆರಿಸಿಕೊಂಡಿದ್ದು ಅಪ್ಪನನ್ನ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ರಿಟೈರ್ ಆದವರು! (ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲವೋ.) ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಇಂಚಾ, ಮಿಲಿಮೀಟರಾ?" ಅಂತ ಕೇಳಿದರಂತೆ. ಅಮ್ಮ ಮಾತ್ರ ಎರಡು ದಿನ ಫೋನ್ ಎತ್ತಲಿಲ್ಲ, ಚಿಕ್ಕಮ್ಮನಿಗೆ ಏನಂತ ಹೇಳೋದು ಅನ್ನೋ ಚಿಂತೆ ಅವರಿಗಿನ್ನೂ ಇದೆ.

ನಿದ್ದೆ 5 ಗಂಟೆಗೆ ಏರಿದೆ. ಡಬ್ಲ್ಯೂ ಹಾಕುವ ದಿನ ಬಂದು ಹೋಯಿತು, ಅಸೆಂಬ್ಲಿ ಗಡಿಬಿಡಿಯಲ್ಲಿ ಈಕೆಗೆ ನೆನಪೇ ಆಗಲಿಲ್ಲ. ಆ ಪಕ್ಕದ ಸೀಟಿನ ಹುಡುಗನಿಗೆ ಮಾತ್ರ ಈಗಲೂ ಯೂಟ್ಯೂಬ್ ಅಂತಲೇ ಇದೆಯಂತೆ. ನಾನು ಕೆದಕಲಿಲ್ಲ.